ಹಂಪಕ್ಕ ಬಿಚ್ಚಿದ ಪಟ್ಟಿ

ಹುಲುಗಣ್ಣನ ಕಾಲಿಗೆ ಜಾಲಿಮುಳ್ಳು ಚುಚ್ಚಿ ಮೂರು ವಾರವಾಗಿತ್ತು. ಹೊಸಹಳ್ಳಿ ಕಡೆಯ ಕುರಿಗಾರನಿಗೆ ಮುಳ್ಳೇನೂ ಹೊಸದಲ್ಲ. ಆದರೆ ಈ ಗಾಯ ಮಾಯಲಿಲ್ಲ. ಹೆಂಡತಿ ಹಂಪಕ್ಕ ಅರಿಶಿನ ಮೆತ್ತಿದಳು, ತಂಬಾಕಿನ ಪುಡಿ ಉದುರಿಸಿದಳು. ಹೆಬ್ಬೆರಳ ಬುಡದ ತೂತು ಅಗಲವಾಗುತ್ತಲೇ ಹೋಯಿತು. ಅವಳಿಗೆ ನಿಂತಲ್ಲಿ ನಿಲ್ಲಲಾಗದು, ಕುಂತಲ್ಲಿ ಕೂರಲಾಗದು.

ಆಶಾ ಕಾರ್ಯಕರ್ತೆ ನಾಗರತ್ನ ಬಂದು ಪಾದ ಹಿಡಿದು ನೋಡಿದಳು.

"ನೋವು ಐತೇನಣ್ಣಾ?"

"ಏನೂ ಇಲ್ಲವ್ವ. ನೋವಿಲ್ಲಂದ್ರ ವಾಸಿ ಆಗಾಕತ್ತೈತಿ ಅಂತಲ್ಲ?" ಎಂದ ಹುಲುಗಣ್ಣ.

"ಅದ ಕೆಟ್ಟದ್ದು. ಸಕ್ಕರಿ ಕಾಯಿಲಿ ಇದ್ರ ಕಾಲಿಗೆ ನೋವ ಗೊತ್ತಾಗಂಗಿಲ್ಲ. ಏಳ್ರಿ, ಈಗ ಆಸ್ಪತ್ರಿಗೆ ಹೋಗಾನು."

ನಾಗರತ್ನಳ ಅನುಮಾನ ನಿಜವಾಗಿತ್ತು. ರಕ್ತದಲ್ಲಿ ಸಕ್ಕರೆ ವಿಪರೀತ ಏರಿತ್ತು. ಡಾಕ್ಟರು ಅಮೃತಾ ಕೊಳೆತದ್ದನ್ನು ತೆಗೆದು, ಗಾಯ ತೊಳೆದು, ಹಾಲಿನ ಕೆನೆಯಂಥ ತೆಳ್ಳನೆಯ ಹಾಳೆಯಿಟ್ಟು ಪಟ್ಟಿ ಕಟ್ಟಿದರು.

"ಇಷ್ಟ ಏನ್ರಿ? ಮುಲಾಮು ಹಚ್ಚಂಗಿಲ್ಲೇನು?" ಹಂಪಕ್ಕ ಕೇಳಿದಳು.

"ಔಷಧ ಆ ಹಾಳಿಯೊಳಗ ಐತ್ರಿ. ನಿಮ್ಮ ಕುರಿ ಉಣ್ಣೆ ಎಳಿಗಿಂತ ನೂರು ಪಟ್ಟು ಸಣ್ಣ ಎಳಿಯಿಂದ ಮಾಡ್ಯಾರ. ನ್ಯಾನೋ ಎಳಿ ಅಂತಾರ. ಔಷಧ ಒಮ್ಮೆಲೇ ಸುರಿಯಂಗಿಲ್ಲ, ತುಸು ತುಸು ಗಾಯಕ್ಕ ಇಳೀತೈತಿ. ನಾಕು ದಿನ ಬಿಚ್ಚಬ್ಯಾಡ್ರಿ. ಆ ಕಾಲ ಮ್ಯಾಲೆ ಭಾರನೂ ಬ್ಯಾಡ. ಬೆರಳು ಉಳೀಬೇಕಲ್ಲ?"

ಹಂಪಕ್ಕ ತಲೆಯಾಡಿಸಿದಳು. ನಂಬಿಕೆ ಮಾತ್ರ ಬರಲಿಲ್ಲ. ಮುಚ್ಚಿದ ಗಾಯ ಒಳಗೇ ಕೊಳೆತರೆ? ಎರಡನೇ ದಿನ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಬಂದು ನೋಡಿದಳು. ಒಲೆಯ ಮುಂದೆ ಹೋದಳು, ಮತ್ತೆ ಬಂದಳು. ಕೊನೆಗೆ ತಡೆಯಲಾರದೆ ಪಟ್ಟಿ ಬಿಚ್ಚಿಯೇಬಿಟ್ಟಳು. ಹಾಳೆ ಲೋಳೆಯಂತಾಗಿತ್ತು. ಕೀವು ಎಂದುಕೊಂಡು ಕೆರೆದು ತೆಗೆದು ಅರಿಶಿನ ತುಂಬಿದಳು.

ಮರುದಿನ ಪಾದ ಊದಿ ಕೆಂಪಗಾಗಿತ್ತು. ಹುಲುಗಣ್ಣನಿಗೆ ಚಳಿಜ್ವರ. ಹಂಪಕ್ಕ ನಾಗರತ್ನಳ ಮನೆಗೆ ಓಡಿದಳು.

"ನಾನ ಬಿಚ್ಚಿದ್ನೆವ್ವಾ. ನನ್ನ ಕೈಯಾರ ಕೆಡಿಸಿದೆ."

"ಹೇಳಿದ್ದು ಚಲೋ ಆತು. ಡಾಕ್ಟರ್ ಮುಂದೂ ಹಿಂಗ ಹೇಳ್ರಿ. ಬೈತಾರಂತ ಮುಚ್ಚಿಡಬ್ಯಾಡ್ರಿ."

ಐದು ದಿನ ಆಸ್ಪತ್ರೆಯಲ್ಲೇ ಇರಬೇಕಾಯಿತು. ಇಂಜೆಕ್ಷನ್, ಸಕ್ಕರೆಗೆ ಮಾತ್ರೆ, ಗಾಯಕ್ಕೆ ಹೊಸ ಹಾಳೆ.

"ಆ ಲೋಳಿ ಕೀವಲ್ಲಮ್ಮ. ಎಳಿ ಗಾಯದ ನೀರು ಹೀರಿಕೊಂಡು ಹಂಗಾಗಿತ್ತು," ಎಂದರು ಅಮೃತಾ.

"ಬೆರಳು ಉಳೀತೈತೇನ್ರಿ?"

"ಈಗ ಹೇಳಾಕ ಬರಂಗಿಲ್ಲ."

ಆ ಒಂದು ಮಾತು ಎರಡು ತಿಂಗಳು ಹಂಪಕ್ಕನನ್ನು ಒಳಗೇ ಕುದಿಸಿತು. ಕೈ ಪಟ್ಟಿಯ ಕಡೆ ಹೋದಾಗಲೆಲ್ಲ ಎದ್ದು ಅಂಗಳಕ್ಕೆ ನಡೆದಳು. ಬಿಚ್ಚಲಿಲ್ಲ. ಹುಲುಗಣ್ಣನೂ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ, ಗೊಣಗುತ್ತಲೇ ಕಾಲು ಚಾಚಿ ಕುಳಿತ. ಕರೆದ ದಿನ ತಪ್ಪದೆ ಆಸ್ಪತ್ರೆಗೆ ಹೋದರು. ಗಾಯ ತಳದಿಂದ ತುಂಬಿಕೊಂಡು ಬಂತು. ಬೆರಳು ಉಳಿಯಿತು. ಈಗ ಬೂಟು ಹಾಕದೆ ಹೊಸ್ತಿಲು ದಾಟಲು ಹಂಪಕ್ಕ ಅವನನ್ನು ಬಿಡುವುದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಮಾಯದ ಗಾಯ ಯಾರಿಗಾದರೂ ಇದೆಯೇ? ಪುಡಿ, ಅರಿಶಿನ ತುಂಬಬೇಡಿ. ಸಕ್ಕರೆ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಯವರ ಕಾಲಿಗೆ ಸಣ್ಣ ಗಾಯವಾದರೂ ಒಂದು ದಿನವೂ ಕಾಯಬೇಡಿ. ನ್ಯಾನೋ ಎಳೆಯ ಪಟ್ಟಿ ಎಲ್ಲ ಕಡೆ ಸಿಗದು, ಎಲ್ಲ ಗಾಯಕ್ಕೂ ಬೇಕಿಲ್ಲ. ಯಾವ ಪಟ್ಟಿ ಎಂಬುದನ್ನು ಡಾಕ್ಟರು ಹೇಳಲಿ. ಅವರು ಕಟ್ಟಿದ್ದನ್ನು ನೀವಾಗಿ ಬಿಚ್ಚಬೇಡಿ. ಊತ, ಜ್ವರ, ದುರ್ವಾಸನೆ ಕಂಡರೆ ಅವರ ಬಳಿಗೇ ಓಡಿ.

ಈ ಕರಪತ್ರ ಮಡಚಿಡುವ ಮುಂಚೆ, ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರ ಅಂಗಾಲನ್ನು ಒಮ್ಮೆ ತಿರುಗಿಸಿ ನೋಡಿ.