ಎರಡನೆಯ ನಳಿಗೆ

ಹೆಂಡತಿಯನ್ನು ಶೂಟಿಂಗ್ ಕ್ಲಬ್ಬಿಗೆ ಕರೆತಂದದ್ದೇ ತಪ್ಪಾಯಿತು ಎಂದು ವೈಜನಾಥ ಒಳಗೊಳಗೇ ಹಲ್ಲು ಕಡಿಯುತ್ತಿದ್ದ. ಕರೆತಂದದ್ದಾದರೂ ಯಾತಕ್ಕೆ? ತಾನು ಹೊಡೆಯುವುದನ್ನು ನೋಡಿ ಅವಳು ಬೆರಗಾಗಲಿ ಅಂತ! ಅಮೀರ್‌ಪೇಟ್‌ನಲ್ಲಿ ಅವನು ನಡೆಸುವ ಜಾವಾ ಕಂಪ್ಯೂಟರ್ ಕ್ಲಾಸಿಗೆ ಜಾಗ ಸಾಲದೆ ಹುಡುಗರು ಮೆಟ್ಟಿಲ ಮೇಲೂ ಕೂರುತ್ತಿದ್ದ ಕಾಲವದು. ಹೊಗಳಿಸಿಕೊಳ್ಳುವುದು ಮಹಾಶಯನಿಗೆ ಚಹಾದಷ್ಟೇ ರೂಢಿಯಾಗಿತ್ತು.

ಊರಾಚೆ ಪಟಾನ್‌ಚೆರು ದಾಟಿದರೆ ಆ ಕ್ಲಬ್ಬು. ಯಂತ್ರವೊಂದು ಮಣ್ಣಿನ ಬಿಲ್ಲೆಗಳನ್ನು ಆಕಾಶಕ್ಕೆ ಎಸೆಯುತ್ತಿತ್ತು. ಹಾರುವ ಬಿಲ್ಲೆಯನ್ನು ಜೋಡುನಳಿಗೆಯ ಬಂದೂಕಿನಿಂದ ಒಡೆಯಬೇಕು. ಕಲಿಸುವವರು ವಿಜಾಪುರದ ಕಡೆಯ ರಾಮದಾಸ, ಸೈನ್ಯದಿಂದ ನಿವೃತ್ತರಾದ ಹವಾಲ್ದಾರರು. ಮೊದಲ ದಿನವೇ ಬಂದೂಕನ್ನು ನಡುವಿಗೆ ಮಡಚಿ ತೋರಿಸಿ ಹೇಳಿದ್ದರು: “ತೋಟಾ ಇರಲಿ, ಬಿಡಲಿ, ನಳಿಗಿ ಮುಂದ ಇರಬೇಕು. ಹಿಂದ ಯಾರರ ಕರದ್ರ ಮೊದಲು ಬಂದೂಕು ಮಡಚ್ರಿ, ಆಮ್ಯಾಲ ಮಾರಿ ತಿರುಗಿಸ್ರಿ.”

ಒಂದು ಕೈ ನೋಡೋಣವೆಂದು ಹೆಂಡತಿ ಅನುರಾಧಾ ಬಂದೂಕು ಹಿಡಿದಳು. ಬಿಲ್ಲೆ ಪುಡಿಪುಡಿ. ಮುಂದಿನದೂ ಅಷ್ಟೇ.

“ಮೇಡಮ್ಮೋರ ಕಣ್ಣು ಭಾಳ ಸಾಫ್ ಐತ್ರಿ!” ಎಂದರು ರಾಮದಾಸ. ವೈಜನಾಥನೂ ನಕ್ಕ, ನಗುತ್ತಲೇ ಬಂದೂಕನ್ನು ಅವಳ ಕೈಯಿಂದ ವಾಪಸು ತೆಗೆದುಕೊಂಡ. ಒಮ್ಮೆ ಅವನೊಬ್ಬನೇ ಹೋದರೆ, ಚಹಾ ಕೊಡುವವನೂ “ಮೇಡಂ ಬಂದಿಲ್ಲೇನ್ರಿ?” ಎಂದು ಕೇಳಿಬಿಟ್ಟ.

“ಬಿಸಲಾಗ ಮಾರಿ ಕರ್ರಗಾಗಾಕತ್ತೈತಿ. ಈ ವಾರ ಮನ್ಯಾಗ ಇರು,” ಎಂದು ಮನೆಯಲ್ಲಿ ಪ್ರೀತಿ ತೋರಿಸಿದ.

“ಆದ್ರ ಆಗ್ಲಿ ಬಿಡ್ರಿ. ನಂಗ ಅಲ್ಲಿ ಭಾಳ ಚಲೋ ಅನಸ್ತೈತಿ,” ಎಂದಳು ಅವಳು.

ಅವಳೂ ಬಂದಳು. ಆ ಭಾನುವಾರ ಅವನ ಬಿಲ್ಲೆಗಳೆಲ್ಲ ಆರಾಮವಾಗಿ ಹಾರಿ ನೆಲಕ್ಕಿಳಿದವು. ಕಡೆಗೆ ಎರಡು ತೋಟಾ ತುಂಬಿ, ಉಸಿರು ಬಿಗಿಹಿಡಿದು, ಬಿಲ್ಲೆ ಬಿಡಲು “ಪುಲ್!” ಎಂದು ಕೂಗಿದ. ಮೊದಲ ಗುಂಡಿಗೇ ಬಿಲ್ಲೆ ಚೂರಾಯಿತು. ಹಿಂದಿನಿಂದ ಚಪ್ಪಾಳೆ ಮಾತ್ರ ಕೇಳಲಿಲ್ಲ. ಅವಳು ನೋಡಿದಳೋ ಇಲ್ಲವೋ? ತಡೆಯಲಾರದೆ ಗಕ್ಕನೆ ತಿರುಗಿದ.

ಬಂದೂಕೂ ತಿರುಗಿತು.

ಕುರ್ಚಿಗಳು ಉರುಳಿದವು. ಕೂತಿದ್ದವರೆಲ್ಲ ನೆಲಕ್ಕೆ ಬಿದ್ದರು. ಅನುರಾಧಾ ಮಾತ್ರ ಚಹಾದ ಲೋಟ ಹಿಡಿದು ಬೆಂಚಿನ ಮೇಲೆ ಹಾಗೇ ಕೂತಿದ್ದಳು, ನಳಿಗೆ ಅವಳ ಎದೆಯತ್ತ ನೆಟ್ಟಿತ್ತು. ಎರಡನೆಯ ತೋಟಾ ಇನ್ನೂ ಒಳಗೇ ಇತ್ತು. ಅವನ ಬೆರಳು ಬಂದೂಕಿನ ಕುದುರೆಯ ಮೇಲೆಯೇ ಇತ್ತು.

ರಾಮದಾಸ ಅಂಗೈಯಿಂದ ನಳಿಗೆಯನ್ನು ಮೇಲಕ್ಕೆತ್ತಿದರು. “ಬೆರಳು ತಗೀರಿ ಸರ,” ಎಂದು ಮೆಲ್ಲಗೆ ಹೇಳಿ ಬಂದೂಕು ಕಸಿದುಕೊಂಡರು.

ವೈಜನಾಥ ಹೆಂಡತಿಯ ಪಕ್ಕದಲ್ಲಿ ಕುಸಿದ. ಚಹಾ ಅವಳ ಸೀರೆಯ ಮೇಲೆಲ್ಲ ಚೆಲ್ಲಿತ್ತು. “ಅನು, ನೀ ನೋಡಿದ್ಯೋ ಇಲ್ಲೋ ಅಂತ…”

“ನೋಡೇನ್ರಿ,” ಎಂದಳು. “ನಿಮ್ಮ ಮ್ಯಾಲಿನ ಕಣ್ಣು ನಾ ಯಾವತ್ತೂ ತಗದಿಲ್ಲ.”

ಸಾಕು ಮಾಡಿರೆಂದು ರಾಮದಾಸ ಹೇಳಿದರೂ ಕೇಳದೆ ಅವಳು ತನ್ನ ಸರದಿಗೆ ಎದ್ದಳು. ನಳಿಗೆ ನೆಟ್ಟಗೆ ನಿಲ್ಲಲಿಲ್ಲ. ಗುಂಡು ಎತ್ತಲೋ ಹೋಯಿತು. ಬಿಲ್ಲೆ ಇಡಿಯಾಗಿ ಹುಲ್ಲಿಗೆ ಬಿತ್ತು.

ಅನುರಾಧಾ ಬಂದೂಕು ಮಡಚಿದಳು, ಉಳಿದ ತೋಟಾ ತೆಗೆದಳು, ಆಮೇಲೆ ಹಿಂದಕ್ಕೆ ತಿರುಗಿ ಗಂಡನ ಮುಖ ನೋಡಿದಳು.

ಅಲ್ಲಿ ಮೂಡಿದ್ದ ನಗುವನ್ನು ಅಳಿಸಿಕೊಳ್ಳಲು ವೈಜನಾಥನಿಗೆ ಇನ್ನೂ ಆಗಿರಲಿಲ್ಲ.