ಎಡಗಡೆಯ ಸಂದು

ಅಷ್ಟು ಕಪ್ಪು ಅಲ್ಲಿ ಕಾಣಬಾರದಲ್ಲ, ಎಡಗಡೆಯ ಮುಂದಿನ ಟೈರಿಗೂ ಮಡ್‌ಗಾರ್ಡಿಗೂ ನಡುವೆ, ಬಲಗಡೆ ನೋಡಿ ಬಂದೆ, ಅಲ್ಲಿ ಎಂದಿನ ಹಾಗೇ ಸಣ್ಣ ಸಂದು, ಮೂತಿ ತಗ್ಗಿಸಿ ಬೆನ್ನೆತ್ತಿ ಹಾಯಲು ಬಂದ ಗೂಳಿಯಂತೆ ನಿಲ್ಲಬೇಕು ನಮ್ಮ ಹಸಿರು ಪ್ಲಿಮತ್ ಕಾರು, ಇವತ್ತು ಎಡಗಡೆ ಮಾತ್ರ ಎದ್ದಿದೆ — ಎಷ್ಟು ಬಂತೇ ಬರ್ನೀ, ಬೆರಳು ಹಾಕಿದ್ಯಾ, ಸ್ಟೀರಿಂಗ್ ಇರುವ ಎಡಗಡೆಯ ಸೀಟಿನಿಂದ ಕೂಗುತ್ತಾನೆ ನನ್ನ ಗಂಡ, ಹಾಕ್ತಿದೀನಿ ತಡ್ಕೊಳ್ಳೋ ಜಿಗ್ಗಿ, ನಿನ್ನ ಅವಸರಕ್ಕಿಷ್ಟು, ಅನ್ನುತ್ತೇನೆ, ರಟ್ಟು ಹಾಸಿಕೊಂಡು ಅಂಗಾತ ಮಲಗಿದ್ದೇನೆ, ಕೈಯಲ್ಲಿ ಸ್ಪ್ಯಾನರ್, ಬೆನ್ನಿಗೆ ಶೆಡ್ಡಿನ ಸಿಮೆಂಟು ತಣ್ಣಗೆ ಕೊರೆಯುತ್ತಿದೆ, ಇವನಿಗೆ ಮಂಡಿ ಹೋದಂದಿನಿಂದ ಕೆಳಗೆ ನುಗ್ಗುವವಳು ನಾನು, ಮೇಲೆ ರಾಜನ ಹಾಗೆ ಕೂರುವವನು ಅವನು, ಖಾಲಿ ಕಾರಿನ ಅಳತೆ ಹೆಣದ ಅಳತೆ ಕಣೇ, ಓಡಿಸೋನು ಕೂತಾಗ್ಲೇ ನೋಡ್ಬೇಕು, ಅಂತ ಪ್ರತಿ ವಸಂತದಲ್ಲೂ ಹೇಳುತ್ತಾನೆ, ಈ ಕಾರಿನ ಮುಂಭಾಗಕ್ಕೆ ಸುರುಳಿ ಸ್ಪ್ರಿಂಗ್ ಇಲ್ಲ, ಬದಿಗೊಂದು ಉದ್ದನೆಯ ಉಕ್ಕಿನ ಸರಳು, ಅದನ್ನು ತಿರುಚಿ ಹಿಡಿದ ಒಂದು ಬೋಲ್ಟು, ಬಿಗಿದರೆ ಏಳುತ್ತದೆ, ಸಡಿಲಿಸಿದರೆ ಇಳಿಯುತ್ತದೆ, ಅಳತೆಪಟ್ಟಿ ಅವನಿಗೆ ಬೇಡ, ಬೆರಳೇ ಸಾಕು, ಸಂದಿನಲ್ಲಿ ಅವನ ಎರಡು ಬೆರಳು ಬಿಗಿಯಾಗಿ ಕೂತರೆ ಸರಿ, ಅವನ ಎರಡು ಬೆರಳೆಂದರೆ ನನ್ನ ಮೂರು, ಹೊಸದರಲ್ಲಿ ನನ್ನ ಅಂಗೈಗೆ ಅಂಗೈ ಇಟ್ಟು ನೋಡಿ, ಇವೇನು ಬೆರಳೇನೇ ಬೀನ್ಸ್ ಕಾಯೇನೇ ಅಂತ ನಕ್ಕಿದ್ದ, ಗಾಜಿನ ಕಾರ್ಖಾನೆಯ ಕುಲುಮೆ ಮುಂದೆ ದುಡಿದ ಕೈ ಅದು, ಉಂಗುರ ತೆಗೆಯಬೇಕೆಂದರೆ ಸೋಪು ಹಚ್ಚಬೇಕಿತ್ತು. ಮೂರೂ ಬೆರಳು ಹೋದವು. ನಾಲ್ಕನೆಯದರ ತುದಿಯೂ ತೂರಿತು.

ನೆಲ ಓರೆ ಇರ್ಬೇಕು ಅಂದ. ಹೋದ ವರ್ಷ ಇದೇ ನೆಲ, ಆಗೇಕೆ ಓರೆ ಇರಲಿಲ್ಲ? ಟೈರಿಗೆ ಗಾಳಿ ಜಾಸ್ತಿ ಆಗಿದೆ ಅಂದ, ನೋಡಿದೆ, ಸರಿಯಿತ್ತು, ಹಂಗಾದ್ರೆ ಸರಳೇ ಎದ್ದಿರ್ಬೇಕು ಬಿಡು ಅಂದ — ಅಯ್ಯೋ ಪುಣ್ಯಾತ್ಮ, ಉಕ್ಕು ಹಳೆಯದಾದರೆ ಕುಸಿಯುತ್ತದೆ, ಎಲ್ಲಾದರೂ ಏಳುತ್ತದೆಯೇ, ಅದನ್ನು ನನಗೆ ಕಲಿಸಿದವನೇ ನೀನಲ್ಲವೇ, ಬೆಳಿಗ್ಗೆ ಇವನು ಪೆಟ್ರೋಲು ಹಾಕಿಸಿಕೊಂಡು ಬಂದಾಗ ಪಕ್ಕದ ಮನೆಯ ಡ್ವೇನ್ ಬೇಲಿಯಾಚೆಯಿಂದ ನೋಡಿದ, ಏನೋ ಜಿಗ್ಗಿ, ನಿನ್ನ ಹಸಿರು ಮುದುಕಿ ಎಡ ಹುಬ್ಬು ಹಾರಿಸ್ತಾ ಇದಾಳಲ್ಲೋ, ಸಂಜೆ ಎಲ್ಲರ ಮುಂದೆ ಹಿಂಗೇ ತರ್ತೀಯಾ, ಅಂತ ಹಲ್ಲುಕಿರಿದ, ಹಳೇ ಕಾರಿನವರೆಲ್ಲ ಸೇರುವ ಈ ವರ್ಷದ ಮೊದಲ ಸಂಜೆ ಇವತ್ತು, ಬೇರೆ ದಿನವಾಗಿದ್ದರೆ ಜಿಗ್ಗಿ ಅವನಿಗೆ ಸರಿಯಾಗಿ ಮಂಗಳಾರತಿ ಎತ್ತುತ್ತಿದ್ದ, ಇವತ್ತು ಕಿಟಕಿ ಏರಿಸಿಕೊಂಡು ಒಳಗೆ ಬಂದ, ಮೇ ತಿಂಗಳಲ್ಲಿ ದಪ್ಪ ಜಾಕೆಟ್ಟು, ತೆಗೀಬಾರ್ದೇನೋ ಅಂದರೆ ಗಾಳಿ ಥಂಡಿ ಇದೆ ಅಂತಾನೆ, ಹಿಮ ಬೀಳುತ್ತಿದ್ದಾಗ ಒಬ್ಬನೇ ಡಾಕ್ಟರ ಹತ್ತಿರ ಹೋಗಿ ಬಂದ, ನಾನೂ ಬರ್ತೀನಿ ಅಂದೆ, ರಸ್ತೆ ಜಾರುತ್ತೆ ಬೇಡ ಅಂದ, ಏನಂದ್ರು, ಏನಿಲ್ಲ, ಗ್ಯಾಸು. ಗ್ಯಾಸಂತೆ ಗ್ಯಾಸು! ಆಮೇಲೆ ಬಚ್ಚಲಲ್ಲಿದ್ದ ತೂಕದ ಯಂತ್ರ ಕಾಣೆಯಾಯಿತು, ಕೆಟ್ಟಿತ್ತು ಬಿಸಾಕ್ದೆ ಅಂದ, ಬೆಲ್ಟಿಗೆ ಮೊಳೆ ಹೊಡೆದು ಹೊಸ ತೂತು ಮಾಡಿಕೊಂಡಿದ್ದಾನೆ, ಒಗೆಯುವವಳಿಗೆ ಕಾಣುವುದಿಲ್ಲವೇ, ಅವರಮ್ಮನ ಕೈ ಅಳತೆಯಲ್ಲೇ ಪಿಯೆರೋಗಿ ಕಡುಬು ಬೇಯಿಸಿ ಬೆಣ್ಣೆ ಈರುಳ್ಳಿ ಸುರಿದು ಕೊಟ್ಟರೆ ಮೇಜಿನ ಕೆಳಗೆ ಒಂದೊಂದೇ ನಾಯಿಗೆ ಹಾಕುತ್ತಾನೆ, ನಾಯಿ ಡೋಲಿನ ಹಾಗೆ ಊದಿದೆ, ನಾನು ಕೇಳಲಿಲ್ಲ, ಅವನೇ ಹೇಳಲಿ ಅಂತ ಕಾದೆ, ಅವನು ತೂಕದ ಯಂತ್ರ ಎಸೆದ, ಕಾರನ್ನು ಎಸೆಯಲು ಮರೆತ.

ಇಳಿಸೇ, ಒಂದು ಸುತ್ತು ಸಡಿಲ ಬಿಡು ಸಾಕು, ಕೂಗುತ್ತಾನೆ, ಸ್ಪ್ಯಾನರ್ ಬೋಲ್ಟಿನ ಮೇಲೆ ಕೂತಿದೆ, ಎಳೆದರೆ ಮುಗಿಯಿತು, ಕಾರು ಸಮನಾಗುತ್ತದೆ, ಸಂದು ಮುಚ್ಚುತ್ತದೆ, ಅವನ ಸುಳ್ಳೂ ಮುಚ್ಚುತ್ತದೆ, ಡ್ವೇನ್‌ನ ಬಾಯಿಯೂ ಮುಚ್ಚುತ್ತದೆ, ಬರುವ ತಿಂಗಳು ಮತ್ತೆ ಎದ್ದರೆ ಮತ್ತೆ ಇಳಿಸುವುದು, ಹೀಗೇ ಇಳಿಸುತ್ತಾ ಇಳಿಸುತ್ತಾ ಒಂದು ದಿನ ಸೀಟಿನಲ್ಲಿ — ಇಲ್ಲ, ನನ್ನ ಕೈಲಾಗಲ್ಲ, ಎದ್ದೆ, ಏನಾಯ್ತೇ ಅಂದ, ಗೋಡೆ ಬದಿಯಲ್ಲಿ ಗಡಸು ನೀರು ಮೆದುಮಾಡುವ ಯಂತ್ರಕ್ಕೆಂದು ತಂದಿಟ್ಟ ಉಪ್ಪಿನ ಚೀಲಗಳಿವೆ, ಒಂದನ್ನು ಎದೆಗವಚಿಕೊಂಡು ಬಂದೆ, ಕಾಲೆತ್ತು, ಯಾಕೇ, ಎತ್ತೋ ಅಂದ್ರೆ ಎತ್ತು, ಅವನ ಕಾಲ ಬುಡಕ್ಕೆ ಚೀಲ ಒಗೆದೆ, ಮಡ್‌ಗಾರ್ಡಿನ ಮೇಲೆ ಕೈಯೂರಿ ಕಾರನ್ನು ಕುಲುಕಿ ಬಿಟ್ಟೆ, ಉಸ್ಸೆಂದು ಸ್ವಲ್ಪ ಇಳಿಯಿತು, ಬೆರಳು ಹಾಕಿದೆ, ಇನ್ನೂ ಸಡಿಲ, ಇನ್ನೊಂದು ಚೀಲ ತಂದೆ, ನನ್ನ ಸೊಂಟ ಕಳಕ್ಕೆಂದಿತು, ಹಾಳಾಗಲಿ, ಒಗೆದೆ, ಕುಲುಕಿದೆ, ಬೆರಳು ಹಾಕಿದೆ. ಮೂರು, ಬಿಗಿಯಾಗಿ. ಎರಡು ಚೀಲ ಉಪ್ಪು, ಅಷ್ಟು ಗಂಡ ಎಲ್ಲಿ ಹೋದ ನನಗೆ, ಯಾವಾಗ ಹೋದ, ಪಕ್ಕದಲ್ಲೇ ಮಲಗಿದ್ದೆನಲ್ಲ, ಅಳು ಬರಲಿಲ್ಲ, ಸಿಟ್ಟು ಬಂತು, ಸ್ಪ್ಯಾನರ್ ಎತ್ತಿ ಅವನ ತಲೆಗೇ ಕುಟ್ಟೋಣ ಅನ್ನುವಷ್ಟು ಸಿಟ್ಟು.

ಅವನು ಚೀಲಗಳನ್ನೇ ನೋಡುತ್ತಿದ್ದ. ಡಾಕ್ಟ್ರು ಏನಂದ್ರೋ, ಅಂದೆ. ಹೊಟ್ಟೇಲಿ ಗಡ್ಡೆ ಅಂದ, ಲಿವರ್‌ಗೂ ಹಬ್ಬಿದ್ಯಂತೆ, ಕೊಯ್ದು ತೆಗೆಯೋ ಹಂಗಿಲ್ವಂತೆ, ಈ ಬೇಸಿಗೆ ಒಂದು ನಿನ್ ಪಾಡಿಗೆ ನೀನು ನಗ್ತಾ ಇರ್ಲಿ ಅಂತ — ಯಾರು ನಗ್ತಿದ್ರೋ ಇಲ್ಲಿ, ನಾಯಿಗೆ ಗೊತ್ತಿತ್ತು, ನನಗೆ ಗೊತ್ತಾಗಬಾರ್ದಾ, ಅಂತ ಕಿರುಚಿದೆ, ಬೇಲಿಯಾಚೆ ಡ್ವೇನ್‌ನ ರೇಡಿಯೋ ನಿಂತಿತು, ಜಿಗ್ಗಿ ಕೈಚಾಚಿ ನನ್ನ ಗ್ರೀಸು ಮೆತ್ತಿದ ಮಣಿಕಟ್ಟು ಹಿಡಿದ, ತಪ್ಪಾಯ್ತು ಬರ್ನೀ, ಅಂದ, ಹಿಡಿತದಲ್ಲಿ ಬಲವಿರಲಿಲ್ಲ, ಆಮೇಲೆ ಬಾಗಿಲು ಹಿಡಿದು ಎದ್ದು, ಈ ಉಪ್ಪು ಇಳಿಸು, ನೀನು ಕೂತ್ಕೋ, ನಿನ್ನ ತೂಕಕ್ಕೆ ಹೊಂದಿಸ್ತೀನಿ, ಅಂದ. ನನಗೆ ಬೇಡ, ನಾನು ಓಡಿಸಲ್ಲ ಅಂದೆ. ಓಡಿಸ್ತೀಯ ಕಣೇ, ಡ್ವೇನ್‌ಗೆ ಮಾತ್ರ ಮಾರ್ಬೇಡ, ಕೂತ್ಕೋ ಅಂದ. ಚೀಲಗಳನ್ನು ಎಳೆದು ಹೊರಹಾಕಿ ಕೂತೆ, ಸ್ಟೀರಿಂಗಿನಲ್ಲಿ ಅವನ ಕೈಯ ಬಿಸಿ ಇನ್ನೂ ಇದೆ, ಬಾಗಿಲು ಹಾಕಿದ, ಮಂಡಿ ಲಟಲಟ ಅನ್ನಿಸುತ್ತಾ ರಟ್ಟಿನ ಮೇಲೆ ಇಳಿದ, ಜೋಪಾನ ಕಣೋ ಅಂದೆ, ಬಾಯ್ಮುಚ್ಕೊಂಡು ನೆಟ್ಟಗೆ ಕೂತ್ಕೊಳ್ಳೇ, ವಾಲಬೇಡ ಅಂದ, ಬೋಲ್ಟು ಕಿರ್ರೆಂದಿತು, ಕಾರು ಒಂದಿಷ್ಟು ತಗ್ಗಿತು, ಅವನು ಕುಲುಕಿದ, ನಾನು ವಾಲಿದೆ, ಕಿಟಕಿಯಿಂದ ತಲೆ ಹೊರಹಾಕಿ ನೋಡಿದೆ, ಅವನ ಕೈ ಸಂದಿನೊಳಕ್ಕೆ ಹೋಗಿದೆ, ಬೀನ್ಸ್ ಕಾಯಿಯಂಥ ಎರಡು ಬೆರಳು, ಉಂಗುರ ಗೆಣ್ಣಿನ ತನಕ ಜಾರಿ ನಿಂತಿದೆ, ಎರಡು ಬೆರಳು, ಸರಿಯಾಗಿ ಕೂತಿದೆ ನೋಡೇ, ಒಂಚೂರು ಹೆಚ್ಚಿಲ್ಲ ಒಂಚೂರು ಕಮ್ಮಿಯಿಲ್ಲ, ಅಂತಾನೆ, ದನಿಯಲ್ಲಿ ಎಷ್ಟು ಖುಷಿ, ಹ್ಞೂಂ, ಸರಿಯಾಗಿದೆ, ಅಂದೆ, ಎರಡು ಬೆರಳು, ಬೆರಳಿನ ಮೇಲೆ ಕಪ್ಪು, ಬೆರಳಿನ ಕೆಳಗೆ ಕಪ್ಪು, ಎರಡು ಬೆರಳು