ವಾರ್ಡಿಗೆ ತಂದ ಹಗುರದ ಲ್ಯಾಪ್‌ಟಾಪ್

"ಒಂದೇ ಕೈಯಲ್ಲಿ ಎತ್ತಿ ನೋಡು ಅಕ್ಕ. ಸ್ಲೇಟು ಹಿಡಿದ ಹಾಗೆ ಆಗ್ತದೆ," ಎಂದ ರಿತೇಶ್.

ಸುಪ್ರೀತಾ ಎತ್ತಿದಳು. ಹಗುರವೇನೋ ಹೌದು. ಪಕ್ಕದ ಹಾಸಿಗೆಯಲ್ಲಿ ಅವಳ ಅಮ್ಮ ಸ್ವರ್ಣಲತಾ ಎಡಗೈಯನ್ನು ಡಯಾಲಿಸಿಸ್ ಯಂತ್ರಕ್ಕೆ ಒಪ್ಪಿಸಿ ಮಲಗಿದ್ದರು. ಗೋಡೆಯಲ್ಲಿ ಪ್ಲಗ್ ಇತ್ತು, ಅದರ ಮೇಲೆ 'ಯಂತ್ರಗಳಿಗೆ ಮಾತ್ರ' ಎಂಬ ಚೀಟಿಯೂ ಇತ್ತು. ಸುಪ್ರೀತಾ ಮನೆಯಿಂದ ಆಫೀಸು ಕೆಲಸ ಮಾಡುವ ಹಳೆಯ ಲ್ಯಾಪ್‌ಟಾಪ್ ಪ್ಲಗ್ ಕಿತ್ತ ಕೂಡಲೇ ಆರಿಹೋಗುತ್ತಿತ್ತು. ಅಮ್ಮನನ್ನು ಅತ್ತಾವರದ ಈ ಆಸ್ಪತ್ರೆಗೆ ಕರೆತರುವ ದಿನವೆಲ್ಲ ರಜೆ ಹಾಕಿ ಹಾಕಿ ರಜೆಯೇ ಮುಗಿದಿತ್ತು. ಇನ್ನು ತಪ್ಪಿಸಿದರೆ ಕೆಲಸಕ್ಕೆ ಬರುವುದೇ ಬೇಡ ಎಂದು ಟೀಮ್ ಲೀಡರ್ ಹೇಳಿಯಾಗಿತ್ತು.

"ಬ್ಯಾಟರಿ?"

"ಸಂಜೆವರೆಗೆ ಉಂಟು. ಒಳಗೆ ಫ್ಯಾನೇ ಇಲ್ಲ, ಶಬ್ದವೂ ಇಲ್ಲ. ರೇಟೂ ಕಮ್ಮಿ."

ರಿತೇಶ್ ಅವಳ ಸೋದರತ್ತೆಯ ಮಗ. ಕಂಕನಾಡಿಯ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ. ಶೋಕೇಸಿನಲ್ಲಿದ್ದುದನ್ನೇ ಒಂದು ದಿನದ ಮಟ್ಟಿಗೆ ಕೇಳಿ ತಂದಿದ್ದ.

"ಒಳ್ಳೇದು ಸಾಕು ಮಾರಾಯ. ಕೆಟ್ಟದ್ದು ಎಂತ ಉಂಟು ಹೇಳು."

ಅವನು ತಲೆ ಕೆರೆದುಕೊಂಡ. "ಸ್ಲೋ. ಎರಡು ಕೆಲಸ ಒಟ್ಟಿಗೆ ಕೊಟ್ರೆ ಯೋಚನೆ ಮಾಡ್ತಾ ಕೂತ್ಕೊಳ್ತದೆ. ಕೀ ಎಲ್ಲ ಸಣ್ಣ ಸಣ್ಣ. ಒಳಗಿನದ್ದು ಹಾಳಾದ್ರೆ ಬದಲಿ ಹಾಕ್ಲಿಕ್ಕೆ ಆಗುದಿಲ್ಲ."

"ನನ್ನ ಹಾಗೆಯೇ," ಎಂದರು ಸ್ವರ್ಣಲತಾ, ಕಣ್ಣು ಮುಚ್ಚಿಕೊಂಡೇ.

"ಮಾಮಿ, ನಿಮ್ಮದು ಹಳೇ ಮಾಡೆಲ್. ಗಟ್ಟಿ ಉಂಟು."

ಸಂಜೆ ಬರುತ್ತೇನೆಂದು ಅವನು ಹೋದ. ಸುಪ್ರೀತಾ ಮೊಬೈಲಿನಿಂದ ನೆಟ್ ಕೊಟ್ಟು ಕೂತಳು. ಇನ್ಶೂರೆನ್ಸ್ ಕ್ಲೇಮುಗಳನ್ನು ಒಂದೊಂದಾಗಿ ನೋಡುವ ಕೆಲಸ. ಒಂದು ಫೈಲು ತೆರೆಯುವಷ್ಟರಲ್ಲಿ ಕಣ್ಣು ಎರಡು ಸಲ ಮುಚ್ಚುತ್ತಿತ್ತು. ಒಂದು ಕೀ ಒತ್ತಿದರೆ ಪಕ್ಕದ ಅಕ್ಷರವೂ ಬೀಳುತ್ತಿತ್ತು. ಅಮ್ಮನಿಗೆ ಉಬ್ಬಸ ಎಂದು ಹಿಂದಿನ ರಾತ್ರಿಯಿಡೀ ಅವಳು ನಿದ್ದೆ ಮಾಡಿರಲಿಲ್ಲ. ಇಂಥದ್ದಕ್ಕೆ ದುಡ್ಡು ಹಾಕುವುದೋ ಬೇಡವೋ ಎಂದು ಯೋಚಿಸಲಿಕ್ಕೂ ತಲೆ ಓಡಲಿಲ್ಲ.

"ಸ್ವಲ್ಪ ಮಲಗು ಮಗಾ."

"ಆಗುದಿಲ್ಲ ಅಮ್ಮ. ಸ್ವಲ್ಪ ಹೊತ್ತು ಮುಟ್ಟದಿದ್ರೆ ಇದಾ, ಈ ಹಸಿರು ಚುಕ್ಕಿ ಹಳದಿ ಆಗ್ತದೆ. ಕೂಡ್ಲೆ ಆಫೀಸಿಂದ ಫೋನ್ ಬರ್ತದೆ, ಎಲ್ಲಿದ್ದೀರಿ ಅಂತ."

"ಎಂತ ಮುಟ್ಟುದು?"

"ಇಲ್ಲಿ. ಬೆರಳು ಆಡಿಸಿದ್ರೆ ಆಯ್ತು."

ಮುಂದಿನ ಫೈಲು ತೆರೆಯಲೇ ಇಲ್ಲ. ಕಾಯುತ್ತ ಕಾಯುತ್ತ ಸುಪ್ರೀತಾಳ ತಲೆ ಮಂಚದ ಕಂಬಿಗೆ ಒರಗಿತು.

ರಿತೇಶ್ ಮರಳಿ ಬಂದಾಗ ಲ್ಯಾಪ್‌ಟಾಪ್ ಅವಳ ಮಡಿಲಲ್ಲಿ ಇರಲಿಲ್ಲ. ಸ್ವರ್ಣಲತಾ ಅದನ್ನು ಬಲಗೈಯಲ್ಲೇ ಎಳೆದುಕೊಂಡು ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದರು.

"ಅಕ್ಕ ಎಂತ ಹೇಳಿದ್ಲು ಮಾಮಿ? ಬೇಕಂತಾ?"

"ಮೆಲ್ಲ ಮಾತಾಡು," ಎಂದರು ಸ್ವರ್ಣಲತಾ. "ಇರ್ಲಿ ಇದು."

ಅವರ ತೋರುಬೆರಳು ಮತ್ತೊಮ್ಮೆ ಆಡಿತು. ಪರದೆಯ ಮೇಲೆ ಪುಟ್ಟ ಬಾಣವೊಂದು ಎಲ್ಲೂ ನಿಲ್ಲದೆ ಆ ಮೂಲೆಗೆ ಹೋಗಿ, ನಿಧಾನವಾಗಿ ಈಚೆ ಬಂತು.